ಸಿನಿಮಾ ಫೈಲ್ ಕಾಪಿ ಮಾಡಿದರೆ ‘ನೋಡಿಯಾಗಿದೆ’ ಗುರುತೂ ಜೊತೆಗೆ ಬರುತ್ತದೆಯೇ?

ಮನೆಯ ಹಳೆಯ ಕಂಪ್ಯೂಟರ್‌ಗೆ ಸಿನಿಮಾ, ಧಾರಾವಾಹಿ, ಮದುವೆ ವಿಡಿಯೋಗಳನ್ನೆಲ್ಲ ತುಂಬಿಸಿ, ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಹಾಕಿ, ಟಿವಿ-ಮೊಬೈಲ್‌ಗಳಲ್ಲಿ ನೋಡುವವರು ಈಗ ಅನೇಕರಿದ್ದಾರೆ. ಇದೇ ಹೋಮ್ ಮೀಡಿಯಾ ಸರ್ವರ್. ಊರಿನ ಮನೆಯಲ್ಲೊಂದು, ಬೆಂಗಳೂರಿನ ಬಾಡಿಗೆ ಮನೆಯಲ್ಲೊಂದು ಇದ್ದರೆ ಒಂದು ಪ್ರಶ್ನೆ ಏಳುತ್ತದೆ: ಹಾರ್ಡ್ ಡಿಸ್ಕ್ ಪೂರ್ತಿ ಕಾಪಿ ಮಾಡಿದ್ದರೂ, ಅಲ್ಲಿ ನೋಡಿ ಮುಗಿಸಿದ್ದು ಇಲ್ಲಿ ‘ನೋಡಿಲ್ಲ’ ಎಂದೇಕೆ ತೋರಿಸುತ್ತದೆ?

ಯಾಕೆಂದರೆ ಆ ಗುರುತು ಸಿನಿಮಾ ಫೈಲ್‌ನ ಒಳಗೆ ಇರುವುದೇ ಇಲ್ಲ. ಯಾರು, ಯಾವ ವಿಡಿಯೋವನ್ನು, ಎಲ್ಲಿಯವರೆಗೆ ನೋಡಿದರು ಎಂಬುದನ್ನು ಸರ್ವರ್ ತನ್ನದೇ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಜೆಲ್ಲಿಫಿನ್‌ನಲ್ಲಿ ನೀವು ಸೆಟ್ಟಿಂಗ್ ಬದಲಿಸದಿದ್ದರೆ 90% ದಾಟಿದ ವಿಡಿಯೋ ‘ನೋಡಿಯಾಗಿದೆ’ ಎಂದು ಲೆಕ್ಕ. ಕೊನೆಯ ಹೆಸರುಗಳ ಪಟ್ಟಿ ಬಿಟ್ಟು ಎದ್ದರೂ ಗುರುತು ಬೀಳುವುದು ಇದರಿಂದ.

ಎರಡು ಸರ್ವರ್‌ಗಳ ಲೆಕ್ಕ ಹೊಂದಬೇಕಾದರೆ ಮೊದಲು ಸಿನಿಮಾ ಹೊಂದಬೇಕು. ಹೆಸರು ಸಾಲದು. ‘ನಾಗರಹಾವು’ 1972ರಲ್ಲೂ ಇದೆ, 2016ರಲ್ಲೂ ಇದೆ. ಅದಕ್ಕೇ ಐಎಂಡಿಬಿ, ಟಿಎಂಡಿಬಿಯಂಥ ತಾಣಗಳು ಕೊಟ್ಟ ಸಂಖ್ಯೆಯನ್ನು ಬಳಸುತ್ತಾರೆ. ಅಕ್ಕನ ಮದುವೆ ವಿಡಿಯೋಗೆ ಅಂಥ ಸಂಖ್ಯೆ ಎಲ್ಲಿಂದ ಬರಬೇಕು!

ನಂತರ ಹೊಂದಬೇಕಾದದ್ದು ವ್ಯಕ್ತಿ. ಎಡವುವುದು ಇಲ್ಲೇ. “ಮನೆಯವರೆಲ್ಲ ಒಂದೇ ಅಕೌಂಟ್ ಬಳಸಿ, ತಲೆನೋವೇ ಇಲ್ಲ” ಎಂಬ ಸಲಹೆ ಕೇಳಲು ಸುಲಭ. ಆದರೆ ಅಮ್ಮ ಧಾರಾವಾಹಿಯ 40ನೇ ಕಂತಿನಲ್ಲಿದ್ದು ನೀವು 12ರಲ್ಲಿದ್ದರೆ, ‘ಮುಂದಿನ ಕಂತು’ ಯಾರದ್ದು? ಒಬ್ಬೊಬ್ಬರಿಗೂ ಬೇರೆ ಅಕೌಂಟ್ ಇರಲೇಬೇಕು. ಜೆಲ್ಲಿಫಿನ್‌ನಲ್ಲಿ ಪ್ರತಿಯೊಬ್ಬರೂ ತಮ್ಮದೇ ಟ್ರಾಕ್ಟ್ ಖಾತೆಯನ್ನು ಜೋಡಿಸಿಕೊಳ್ಳಬಹುದು. ಪ್ಲೆಕ್ಸ್‌ನಲ್ಲಿ ನಿಮ್ಮ ಅಕೌಂಟ್‌ನ ಮೂಲಕವೇ ಸಿಂಕ್ ಮಾಡುವ ಆಯ್ಕೆ ಇದೆ.

ಒಂದು ಎಚ್ಚರಿಕೆ. ‘ನೋಡಿಲ್ಲ’ ಎಂಬುದಕ್ಕೆ ಎರಡು ಅರ್ಥ: ನಿಜಕ್ಕೂ ನೋಡಿಲ್ಲ, ಅಥವಾ ಮತ್ತೆ ನೋಡಲೆಂದು ನೀವೇ ಗುರುತು ಅಳಿಸಿದ್ದೀರಿ. ಯಂತ್ರಕ್ಕೆ ಎರಡೂ ಒಂದೇ ಥರ ಕಾಣಬಹುದು. ಹೊಸ ಸರ್ವರ್‌ನ ಖಾಲಿ ಪಟ್ಟಿಯನ್ನು ಹಳೆಯದರ ಮೇಲೆ ಹೇರಿದರೆ ವರ್ಷಗಳ ಲೆಕ್ಕ ಹೋದಂತೆ. ಮೊದಲ ಸಿಂಕ್‌ಗೆ ಮುನ್ನ ಡೇಟಾಬೇಸ್‌ನ ಬ್ಯಾಕಪ್ ತೆಗೆದಿಡಿ.

“ಸರ್ವರ್ ಮನೆಯಲ್ಲೇ ಇದೆ, ಹಾಗಾಗಿ ನಾವು ನೋಡಿದ್ದು ಹೊರಗೆ ಹೋಗುವುದಿಲ್ಲ” ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಟ್ರಾಕ್ಟ್ ಅಥವಾ ಪ್ಲೆಕ್ಸ್ ಅಕೌಂಟ್ ಮೂಲಕ ಸಿಂಕ್ ಮಾಡಿದರೆ ಆ ಪಟ್ಟಿ ಆಯಾ ಕಂಪನಿಯ ಸರ್ವರ್‌ಗೆ ಹೋಗುತ್ತದೆ. 2023ರ ಕೊನೆಯಲ್ಲಿ ಪ್ಲೆಕ್ಸ್ ಕಳಿಸಿದ ವಾರದ ಇಮೇಲ್‌ನಲ್ಲಿ ಸ್ನೇಹಿತರು ಏನೇನು ನೋಡಿದರು ಎಂಬ ವಿವರ ಕಂಡು ಹಲವರು ಗಾಬರಿಯಾಗಿದ್ದರು. ನೋಡಿದ್ದರ ಪಟ್ಟಿ ಖಾಸಗಿ ಎಂಬ ಮಾತು ಹೊಸದೇನಲ್ಲ. 1987ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಹೆಸರಿಸಲಾಗಿದ್ದ ರಾಬರ್ಟ್ ಬೋರ್ಕ್ ಅವರು ಬಾಡಿಗೆಗೆ ತಂದ ವಿಡಿಯೋಗಳ ಪಟ್ಟಿಯನ್ನು ಪತ್ರಿಕೆಯೊಂದು ಅಚ್ಚು ಹಾಕಿತ್ತು. ಮರುವರ್ಷವೇ ಅಲ್ಲಿ ಅದರ ವಿರುದ್ಧ ಕಾನೂನು ಬಂತು.

ಸಿಂಕ್ ಶುರು ಮಾಡುವ ಮೊದಲು ಪ್ಲೆಕ್ಸ್‌ನ ಪ್ರೈವಸಿ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ. ಟ್ರಾಕ್ಟ್‌ನಲ್ಲಾದರೆ ಪ್ರೊಫೈಲನ್ನು ‘ಪ್ರೈವೇಟ್’ ಮಾಡಿಕೊಳ್ಳಿ. ಅಮ್ಮನ ಅಕೌಂಟ್‌ನಲ್ಲೂ.