ಥೈರಾಯಿಡ್ ಮಾತ್ರೆ ಸಾರಿಗೆ ಹಾಕೋ ಉಪ್ಪಲ್ಲ

ಹೋದ ವಾರ ನಮ್ಮ ಬೀದಿ ಹುಡುಗಿಯೊಬ್ಬಳು ರಕ್ತದ ರಿಪೋರ್ಟ್ ಹಿಡ್ಕೊಂಡು ಬಂದ್ಳು. "ಆಂಟೀ, ಟಿಎಸ್‌ಎಚ್ 11 ಬಂದೈತೆ. ಥೈರಾಯಿಡ್ ಜಾಸ್ತಿ ಆಗೋಗೈತೆ, ಮಾತ್ರೆ ಅರ್ಧ ಮಾಡ್ಲಾ?" ಅಂದ್ಳು. ನಂಗೆ ಎದೆ ಧಸಕ್ಕಂತು. ಇದೇ ತಪ್ಪು ನಾನೂ ಮಾಡಿದ್ದೆ ಕಣ್ರೇ.

ಟಿಎಸ್‌ಎಚ್ ಅಂದ್ರೆ ಕತ್ತಲ್ಲಿರೋ ಥೈರಾಯಿಡ್ ಮಾಡೋದಲ್ಲ. ಮೆದುಳಿನ ಕೆಳಗೆ ಪಿಟ್ಯುಟರಿ ಅಂತ ಇನ್ನೊಂದು ಗ್ರಂಥಿ ಐತೆ. ಅದು ಥೈರಾಯಿಡ್‌ಗೆ "ಕೆಲಸ ಮಾಡೇ" ಅಂತ ಕೂಗೋ ಕೂಗು ಇದು. ಹೊಲದಲ್ಲಿರೋ ಮಗ ಓಗೊಡದೇ ಇದ್ರೆ ನಾವು ಇನ್ನೂ ಜೋರಾಗಿ ಕೂಗಲ್ವಾ, ಹಂಗೆ. ನಮ್ಮಂಥೋರಿಗೆ ನಂಬರ್ ಮೇಲೆ ಹೋದ್ರೆ ಹಾರ್ಮೋನ್ ಸಾಲ್ತಿಲ್ಲ ಅಂತ ಅರ್ಥ, ಜಾಸ್ತಿ ಆಗೈತೆ ಅಂತಲ್ಲ.

ನಂಗೆ ಇದು ಗೊತ್ತಿರಲಿಲ್ಲ. ನಂಬರ್ ನೋಡಿ ಹೆದರಿ 75ರ ಮಾತ್ರೆ ಮುರಿದು ಅರ್ಧ ನುಂಗಿದೆ, ಮೂರು ತಿಂಗಳು. ಮುಖ ಊದ್ಕೊಳ್ತು, ಕೂದಲು ಹಿಡಿ ಹಿಡಿ ಉದುರ್ತು, ಮುದ್ದೆ ತೊಳಸೋಕೂ ಕೈ ಬರ್ತಿರಲಿಲ್ಲ. ಮನೇಲಿ "ವಯಸ್ಸಾಯ್ತಲ್ಲ" ಅಂದ್ರು, ನಾನೂ ಹೌದು ಅಂದ್ಕೊಂಡೆ. ಕೊನೆಗೆ ಕೋಲಾರಕ್ಕೆ ಹೋದ್ರೆ ಡಾಕ್ಟರಮ್ಮ ಮೊದಲು ಕೇಳಿದ್ದು "ಹೆಂಗೆ ತಗೋತೀರ?" ಅಂತ. ಕಾಫಿ ಜೊತೆ, ಮೂಳೆಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆನೂ ಅದೇ ಗುಟುಕಲ್ಲಿ ಅಂದೆ. ಅಲ್ಲೇ ಇತ್ತು ನೋಡಿ ಮರ್ಮ. ಬರೀ ಹೊಟ್ಟೇಲಿ ನೀರಲ್ಲಿ ನುಂಗಬೇಕು, ಕಾಫಿ ತಿಂಡಿ ಅರ್ಧ-ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ 4 ಗಂಟೆ ಬಿಟ್ಟು. ಅವರು 75 ಅನ್ನೇ ಮತ್ತೆ ಪೂರ್ತಿ ಕೊಟ್ಟು ಎರಡು ತಿಂಗಳಿಗೆ ಬನ್ನಿ ಅಂದ್ರು. ಹೋದಾಗ ನಂಬರ್ 3ಕ್ಕೆ ಇಳಿದಿತ್ತು. ಡೋಸ್ ತಪ್ಪಿರಲಿಲ್ಲ, ನಾನು ನುಂಗೋ ರೀತಿ ತಪ್ಪಿತ್ತು.

ಅದಕ್ಕೇ ಹೇಳೋದು, ಇವತ್ತು ಸುಸ್ತು ಅಂತ ಒಂದು ಹೆಚ್ಚು, ನಾಳೆ ಚೆನ್ನಾಗಿದೀನಿ ಅಂತ ಒಂದು ಕಮ್ಮಿ ಮಾಡೋ ಮಾತ್ರೆ ಇದಲ್ಲ. ನುಂಗಿದ್ದು ಅರ್ಧ ಕರಗೋಕೇ ಸುಮಾರು ಒಂದು ವಾರ ಬೇಕು. ಡೋಸ್ ಬದಲಾಯಿಸಿದ್ದು ರಕ್ತದಲ್ಲಿ ಸರಿಯಾಗಿ ಕಾಣೋಕೆ 6ರಿಂದ 8 ವಾರ. ಇವತ್ತಿನ ಸುಸ್ತಿಗೆ ಇವತ್ತಿನ ಮಾತ್ರೆ ಕಾರಣ ಅಲ್ಲ.

ಸಣ್ಣ ಆಗ್ತೀವಿ ಅಂತ ಹೆಚ್ಚು ನುಂಗೋರೂ ಇದಾರೆ. ಬೇಡಮ್ಮಾ. ಎದೆ ಡವಡವ ಅಂತದೆ, ಕೈ ನಡುಗ್ತದೆ, ನಿದ್ದೆ ಹೋಗ್ತದೆ. ಬಹಳ ದಿನ ಹಂಗೇ ಮಾಡಿದ್ರೆ ಮೂಳೆನೂ ಸವೀತದೆ. ವಾರಗಿತ್ತಿ ಡೋಸ್ ನಮ್ಮ ಡೋಸ್ ಅಲ್ಲ. 25 ಮೈಕ್ರೋಗ್ರಾಂ ವ್ಯತ್ಯಾಸನೂ ದೊಡ್ಡದೇ. ಬಸುರಿಯಾದ ಹೆಣ್ಮಕ್ಕಳಿಗೆ ಮಾತ್ರ ಒಂದು ಮಾತು: ಮುಂದಿನ ಪರೀಕ್ಷೆ ತಾರೀಕು ಕಾಯ್ಬೇಡಿ. ಆಗ ಸಾಮಾನ್ಯವಾಗಿ ಡೋಸ್ ಹೆಚ್ಚು ಬೇಕಾಗ್ತದೆ, ಗೊತ್ತಾದ ತಕ್ಷಣ ಡಾಕ್ಟರ್ ಹತ್ರ ಹೋಗಿ.

ಹಸುಗೆ ಇಂಜೆಕ್ಷನ್ ಯಾವತ್ತು, ಡೈರಿ ಬಿಲ್ಲು ಯಾವತ್ತು ಅಂತ ನಮಗೆ ಬಾಯಿಪಾಠ. ನಮ್ಮ ರಕ್ತಪರೀಕ್ಷೆ ತಾರೀಕು ಮಾತ್ರ ನೆನಪಿರಲ್ಲ. ಅಡುಗೆಮನೆ ಕ್ಯಾಲೆಂಡರಲ್ಲಿ ಬರೆದಿಡಿ. ಆ ಹುಡುಗಿ ಮಾತ್ರೆ ಮುರೀಲಿಲ್ಲ, ರಿಪೋರ್ಟ್ ತಗೊಂಡು ಮುಳಬಾಗಿಲಿಗೆ ಹೋದ್ಳು. ನನಗೆ ಅಷ್ಟು ಸಾಕು.