ಕರಿ ಮಣ್ಣಿಗೊಂದು, ಕೆಂಪು ಮಣ್ಣಿಗೊಂದು

ವಾಕಡದಲ್ಲಿ ಮಣ್ಣು ನೋಡಬೇಕೆಂದರೆ ಹೊಸ ಕಟ್ಟಡಕ್ಕೆ ಪಾಯ ತೋಡುವ ಕಡೆ ಹೋಗಬೇಕು. ಮೇಲೆ ಕಪ್ಪು ಎರೆ, ಕೆಳಗೆ ಮುರುಮು, ಅದರಡಿ ಕರಿಕಲ್ಲು. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಪರಿಚಯದ ಮಣ್ಣೇ. ಆದರೆ ನರ್ಸರಿಯಲ್ಲಿ ಕುಂಡಕ್ಕೆಂದು ಮಾರುವುದು ‘ಲಾಲ ಮಾತಿ’. ಕಪ್ಪನ್ನು ಲಾರಿಯಲ್ಲಿ ಹೊರಗೆ ಸಾಗಿಸಿ, ಕೆಂಪನ್ನು ಚೀಲದಲ್ಲಿ ತರುತ್ತೇವೆ. ಎರಡರ ನಡುವಿನ ವ್ಯತ್ಯಾಸ ಬಣ್ಣದ್ದಷ್ಟೇ ಅಲ್ಲ ಎನ್ನುವುದಕ್ಕೆ ಒಂದು ಮನೆ ಮಾತು ಹೇಳುತ್ತೇನೆ.

ಇಂಡಿ ತಾಲ್ಲೂಕಿನಲ್ಲಿ ನಮ್ಮ ಅಣ್ಣನದು ನಿಂಬೆ ತೋಟ. ನನ್ನ ಹೆಂಡತಿಯ ತವರು ಶಿರಸಿ ಕಡೆ, ಅಡಿಕೆ ತೋಟ. ಎರಡೂ ಮನೆಯವರು ಮಣ್ಣು ಪರೀಕ್ಷೆ ಮಾಡಿಸಿದ್ದರು. ಅಣ್ಣ ಫೋನ್ ಮಾಡಿ, “ಬೀಗರ ಮಣ್ಣಾಗ ರಂಜಕ ಅರವತ್ತೈತಿ, ನಮ್ಮದರಾಗ ಮೂವತ್ನಾಕೇ ಐತಿ. ಎಕರೆಗೆ ಇನ್ನೊಂದು ಚೀಲ ಡಿಎಪಿ ಹಾಕ್ಲೇನು, ತಮ್ಮಾ?” ಎಂದ. ಚೀಲಕ್ಕೆ 1,350 ರೂಪಾಯಿ. ಉತ್ತರ ಹೇಳುವ ಮುಂಚೆ ಎರಡೂ ವರದಿಗಳ ಫೋಟೋ ತರಿಸಿಕೊಂಡೆ.

ಮಣ್ಣಿನಲ್ಲಿ ಇರುವ ರಂಜಕ ಬೇರೆ, ಬೇರಿಗೆ ಸಿಗುವ ರಂಜಕ ಬೇರೆ. ಬಹುಪಾಲು ಕಲ್ಲಿನ ಕಣಗಳಿಗೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಪ್ರಯೋಗಾಲಯದವರು ಚಹಾಪುಡಿಯಿಂದ ಡಿಕಾಕ್ಷನ್ ಇಳಿಸಿದಂತೆ, ಮಣ್ಣಿಗೆ ಒಂದು ದ್ರಾವಣ ಹಾಕಿ, ಅಲುಗಾಡಿಸಿ, ಸೋಸಿ, ಅದರಲ್ಲಿ ಇಳಿದದ್ದನ್ನಷ್ಟೇ ಅಳೆಯುತ್ತಾರೆ. ಯಾವ ದ್ರಾವಣ ಎನ್ನುವುದರ ಮೇಲೆ ಅಂಕಿ ನಿಂತಿದೆ.

ಮಲೆನಾಡಿನ ಹುಳಿ ಮಣ್ಣಿನಲ್ಲಿ ರಂಜಕವನ್ನು ಹಿಡಿದಿಡುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದಕ್ಕೆ 1945ರಲ್ಲಿ ಬ್ರೇ ಮತ್ತು ಕರ್ಟ್ಜ್ ರೂಪಿಸಿದ ದ್ರಾವಣ ಸರಿ: ತೆಳು ಹೈಡ್ರೋಕ್ಲೋರಿಕ್ ಆಮ್ಲ, ಜೊತೆಗೆ ಅಮೋನಿಯಂ ಫ್ಲೋರೈಡ್. ಫ್ಲೋರೈಡು ಅಲ್ಯೂಮಿನಿಯಂ ಅನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಎರೆ ಮಣ್ಣಿನಲ್ಲಿ ಹಿಡಿದಿಡುವುದು ಸುಣ್ಣ. ಅಲ್ಲಿ ಬ್ರೇ ದ್ರಾವಣ ಹಾಕಿದರೆ ಆ ಆಮ್ಲವನ್ನು ಸುಣ್ಣವೇ ತಿಂದುಹಾಕಿ, ಇರುವ ರಂಜಕವೂ ಕಡಿಮೆ ಎಂದು ತೋರುತ್ತದೆ. ಅದಕ್ಕೇ 1954ರ ಓಲ್ಸನ್ ವಿಧಾನ: 8.5 ಪಿಎಚ್ ಇರುವ ಸೋಡಿಯಂ ಬೈಕಾರ್ಬೊನೇಟ್, ಅರ್ಧ ಗಂಟೆ ಅಲುಗಾಟ. ಬೀಗರ ವರದಿಯಲ್ಲಿ ಬ್ರೇ, ಅಣ್ಣನದರಲ್ಲಿ ಓಲ್ಸನ್. ಎರಡೂ ಸರಿ. ಆದರೆ ಅರವತ್ತನ್ನೂ ಮೂವತ್ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ.

ಇನ್ನೊಂದು ತೊಡಕಿತ್ತು. ಅಣ್ಣನ ವರದಿಯಲ್ಲಿ ಬರೀ ‘ರಂಜಕ 34’ ಎಂದಿತ್ತು. ಅದು ಶುದ್ಧ ರಂಜಕವೋ, ಗೊಬ್ಬರದ ಚೀಲದ ಮೇಲೆ ಬರೆಯುವ ಪಿ-ಟು-ಓ-ಫೈವ್ ಲೆಕ್ಕವೋ? ಒಂದು ಕಿಲೋ ರಂಜಕವೆಂದರೆ 2.29 ಕಿಲೋ ಪಿ-ಟು-ಓ-ಫೈವ್. ಓಲ್ಸನ್ ಪ್ರಕಾರ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆ ರಂಜಕ ಇದ್ದರೆ ಕೊರತೆ, 25 ದಾಟಿದರೆ ಹೆಚ್ಚು. 34 ಶುದ್ಧ ರಂಜಕವಾದರೆ ಹೆಚ್ಚು; ಪಿ-ಟು-ಓ-ಫೈವ್ ಆದರೆ 15ರ ಸುಮಾರು, ಅಂದರೆ ಮಧ್ಯಮ. ಅಣ್ಣ ಹೋಗಿ ಕೇಳಿಕೊಂಡು ಬಂದ: ಪಿ-ಟು-ಓ-ಫೈವ್. ಎರಡರಲ್ಲಿ ಯಾವುದಾಗಿದ್ದರೂ ಹೆಚ್ಚುವರಿ ಚೀಲ ಬೇಕಿರಲಿಲ್ಲ; ಮಧ್ಯಮ ಆದದ್ದರಿಂದ ಶಿಫಾರಸಿನಷ್ಟು ಹಾಕಿದರೆ ಸಾಕು.

ಬೇಕಾದದ್ದು ಅದೇ ಹಾಳೆಯ ಕೆಳಗಿನ ಸಾಲಿನಲ್ಲಿತ್ತು. ಸತು 0.4 ಪಿಪಿಎಂ. ಸತು, ಕಬ್ಬಿಣಗಳನ್ನು ಇಳಿಸುವುದು ಡಿಟಿಪಿಎ ಎಂಬ ಮೂರನೆಯ ದ್ರಾವಣದಿಂದ. ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ವಿಧಾನ. ಸತು 0.6ಕ್ಕಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. ನಿಂಬೆಯ ಎಲೆ ಸಣ್ಣದಾಗಿ, ನರದ ನಡುವೆ ಹಳದಿಯಾಗುವುದು ಇದರಿಂದಲೇ. ರಂಜಕ ಅತಿಯಾದರೆ ಸತುವಿನ ಕೊರತೆ ಇನ್ನೂ ಬಿಗಡಾಯಿಸುತ್ತದೆ. ಅಂದರೆ ಆ ಹೆಚ್ಚುವರಿ ಡಿಎಪಿ ಬರೀ ದಂಡವಲ್ಲ, ತೋಟಕ್ಕೆ ಕೇಡೂ ಆಗುತ್ತಿತ್ತು. ನಮ್ಮ ಕಡೆ ಇದು ಒಂದು ತೋಟದ ಕತೆಯಲ್ಲ. ಕರ್ನಾಟಕ ಸರ್ಕಾರ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆ ನಿಂತದ್ದೇ ಸತು, ಬೋರಾನ್, ಗಂಧಕಗಳ ವ್ಯಾಪಕ ಕೊರತೆಯ ಮೇಲೆ.

ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ ಒಂದು ಕೆಲಸ. ಮುಂಗಾರಿಗೆ ಮೊದಲು, ಗೊಬ್ಬರ ಹಾಕುವ ಮುಂಚೆ, ಮಣ್ಣು ತೆಗೆಯಲು ಅದೇ ಸರಿಯಾದ ಹೊತ್ತು. ಬದು, ತಿಪ್ಪೆ, ಮರದ ಬುಡ ಬಿಟ್ಟು ಹತ್ತು ಕಡೆ ಒಂದು ಗೇಣು ಆಳ ತೋಡಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ. ತಗಡಿನ ಬಕೆಟ್ಟಿಗೆ ಸತುವಿನ ಲೇಪ ಇರುತ್ತದೆ, ಅಂಕಿ ಕೆಡುತ್ತದೆ. ನೆರಳಲ್ಲಿ ಆರಿಸಿ ಅರ್ಧ ಕಿಲೋ ಕೊಡಿ. ಕಪ್ಪು, ಕೆಂಪು ಎರಡೂ ಇದ್ದರೆ ಬೇರೆ ಬೇರೆ ಚೀಲ ಮಾಡಿ. ವರದಿ ಬಂದಾಗ ಎರಡೇ ಪ್ರಶ್ನೆ ಕೇಳಿ: ಯಾವ ವಿಧಾನ? ಯಾವ ಲೆಕ್ಕ? ಅಂಗಡಿಗೆ ಹೋಗುವುದು ಆಮೇಲೆ.