ಸೊಕ್ಕೂ ರೊಕ್ಕವೂ ಬೇಡುವ ತಲೆನೋವು

ಹಾಸಿಗೆಯಲ್ಲಿ ಇರುವಷ್ಟು ಹೊತ್ತು ಏನೂ ಇಲ್ಲ. ಎದ್ದು ಒಲೆಯ ಮುಂದೆ ನಿಂತು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಕುತ್ತಿಗೆಯ ಹಿಂದಿನಿಂದ ನೋವು ಹತ್ತುತ್ತದೆ, ಕಿವಿ ಕಟ್ಟಿದಂತಾಗುತ್ತದೆ, ವಾಕರಿಕೆ ಬರುತ್ತದೆ. ಮತ್ತೆ ಮಲಗಿದರೆ ಇಳಿಯುತ್ತದೆ. ಇಂಥ ತಲೆನೋವಿಗೆ ಮನೆಯಲ್ಲಿ ಮೊದಲು ಸಿಗುವ ಹೆಸರು ಪಿತ್ತ, ಆಮೇಲೆ ಗ್ಯಾಸ್, ಆಮೇಲೆ ಮೈಗ್ರೇನ್. ಎಲ್ಲ ಮುಗಿದ ಮೇಲೆ ‘ಕೆಲಸಕ್ಕೆ ಬೇಜಾರು’ ಎಂಬ ಮಾತೂ ಬರುತ್ತದೆ. ಕೆಲವರಲ್ಲಿ ನಿಜವಾದ ಕಾರಣ ಇರುವುದು ತಲೆಯಲ್ಲಲ್ಲ, ಬೆನ್ನಿನಲ್ಲಿ.

ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತಿಳಿದ್ರವ ವಯಸ್ಕರಲ್ಲಿ ಸುಮಾರು 150 ಮಿಲಿಲೀಟರ್. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ಹೊಸದಾಗಿ ಉತ್ಪತ್ತಿಯಾಗಿ, ಹಳೆಯದು ರಕ್ತ ಸೇರುತ್ತದೆ. 1,400 ಗ್ರಾಂ ತೂಗುವ ಮಿದುಳು ಈ ದ್ರವದಲ್ಲಿ ತೇಲುವುದರಿಂದ ತಲೆಬುರುಡೆಯ ತಳಕ್ಕೆ ಬೀಳುವ ಭಾರ ಸುಮಾರು 50 ಗ್ರಾಂ ಮಾತ್ರ. ಬೆನ್ನುಹುರಿಯ ಹೊದಿಕೆ ಎಲ್ಲೋ ಹರಿದು ದ್ರವ ಸೋರತೊಡಗಿದರೆ, ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ದೋಣಿ ಮರಳಿಗೆ ಕೂತ ಹಾಗೆ ಮಿದುಳು ಕೆಳಗೆ ಕೂರುತ್ತದೆ. ಭಾರ ಎತ್ತಿದ್ದು, ಬಿದ್ದದ್ದು, ಬೆನ್ನೆಲುಬಿನ ಡಿಸ್ಕಿನಿಂದ ಚಾಚಿದ ಮೂಳೆಯ ಮೊನೆ, ಹುಟ್ಟಿನಿಂದಲೇ ತೆಳುವಾದ ಹೊದಿಕೆ ಇವೆಲ್ಲ ಕಾರಣಗಳು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಜರ್ಮನಿಯ ನರವೈದ್ಯ ಗಿಯೋರ್ಗ್ ಶಾಲ್ಟೆನ್‌ಬ್ರಾಂಡ್ 1938ರಲ್ಲೇ ಇದನ್ನು ವಿವರಿಸಿದ್ದರು.

ಇದು ಅಪರೂಪದ ಕಾಯಿಲೆಯೇನೋ ಹೌದು. ವರ್ಷಕ್ಕೆ ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಬರುತ್ತದೆ ಎಂಬುದು ಹೊರದೇಶಗಳ ಅಂದಾಜು. ಅದೇ ಲೆಕ್ಕ ಹಿಡಿದರೆ, 2011ರ ಜನಗಣತಿಯಲ್ಲಿ 14.37 ಲಕ್ಷ ಜನರಿದ್ದ ಉತ್ತರ ಕನ್ನಡದಲ್ಲಿ ವರ್ಷಕ್ಕೆ 60-70 ಮಂದಿ. ಇವರನ್ನು ಹುಡುಕುವುದು ಕಷ್ಟ, ಏಕೆಂದರೆ ಸುತ್ತ ತಲೆನೋವಿನವರ ಸಂತೆಯೇ ಇದೆ. ಬೆಂಗಳೂರು ನಗರ ಮತ್ತು ಆಸುಪಾಸಿನ ಹಳ್ಳಿಗಳ 2,329 ಜನರನ್ನು ಮಾತಾಡಿಸಿ ನಿಮ್ಹಾನ್ಸ್ ತಜ್ಞರು ನಡೆಸಿದ ಸಮೀಕ್ಷೆಯಲ್ಲಿ, ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ. 63.9, ಮೈಗ್ರೇನ್ ಇದ್ದವರು ಶೇ. 25.2.

ತಲೆಯ ಸ್ಕ್ಯಾನ್ ನೆರವಾಗುವುದು ಇಲ್ಲಿಯೇ. ಬುರುಡೆ ಮುಚ್ಚಿದ ಪೆಟ್ಟಿಗೆ. ಒಳಗಿನ ದ್ರವ ಕಡಿಮೆಯಾದರೆ ಆ ಜಾಗವನ್ನು ರಕ್ತ ತುಂಬಬೇಕು. ಹಾಗಾಗಿ ಎಂಆರ್‌ಐನಲ್ಲಿ ಮಿದುಳಿನ ದೊಡ್ಡ ರಕ್ತನಾಳಗಳು ಉಬ್ಬಿ ಕಾಣುತ್ತವೆ, ಪಿಟ್ಯುಟರಿ ಗ್ರಂಥಿ ದಪ್ಪಗಾಗುತ್ತದೆ. ಕಾಂಟ್ರಾಸ್ಟ್ ಔಷಧಿ ಕೊಟ್ಟು ತೆಗೆದ ಚಿತ್ರದಲ್ಲಿ ಮಿದುಳಿನ ಹೊರಹೊದಿಕೆ ಸುತ್ತಲೂ ಒಂದೇ ಸಮ ಬೆಳ್ಳಗೆ ಹೊಳೆಯುತ್ತದೆ. ಹೊದಿಕೆಯ ಅಡಿಯಲ್ಲಿ ಎರಡೂ ಬದಿಗೆ ತೆಳುವಾಗಿ ದ್ರವ ನಿಂತಿರಬಹುದು. ಮಿದುಳು ಜಗ್ಗಿದ್ದರಿಂದ ಅದರ ತಳದ ಸಂದುಗಳು ಕಿರಿದಾಗುತ್ತವೆ. ಬಹುಕಾಲ ಸೋರಿದ ಕೆಲವರಲ್ಲಿ ಬುರುಡೆಯ ಮೂಳೆಯೇ ಒಳಮೈಯಲ್ಲಿ ಪದರ ಪದರವಾಗಿ ದಪ್ಪಗಾಗಿರುತ್ತದೆ. ಅದು ಸಾಮಾನ್ಯ ಸಿಟಿ ಸ್ಕ್ಯಾನ್‌ನಲ್ಲೂ ಕಾಣುತ್ತದೆ, ನೋಡಬೇಕೆಂದು ಗೊತ್ತಿದ್ದರೆ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರು 2019ರಲ್ಲಿ ಈ ಗುರುತುಗಳಿಗೆ ಅಂಕ ಕೊಟ್ಟರು. ಹೊಳೆಯುವ ಹೊದಿಕೆ, ಉಬ್ಬಿದ ರಕ್ತನಾಳ, ಪಿಟ್ಯುಟರಿಯ ಮೇಲಿನ ಸಂದು 4 ಮಿಲಿಮೀಟರಿಗೆ ಅಥವಾ ಅದಕ್ಕೂ ಕೆಳಕ್ಕೆ ಇಳಿದಿರುವುದು: ಒಂದೊಂದಕ್ಕೆ ಎರಡು ಅಂಕ. ಇತರ ಮೂರು ಗುರುತುಗಳಿಗೆ ಒಂದೊಂದು. ಒಟ್ಟು 9ರಲ್ಲಿ 5 ದಾಟಿದರೆ ಅಥವಾ ಮುಟ್ಟಿದರೆ, ಬೆನ್ನಿನಲ್ಲಿ ಸೋರಿಕೆ ಸಿಗುವ ಸಂಭವ ಹೆಚ್ಚು. 2 ಅಥವಾ ಕಡಿಮೆ ಇದ್ದರೆ ಸಂಭವ ಕಡಿಮೆ. ಇದಕ್ಕೆ ಬೇಕಾದದ್ದು ಒಂದು ಕಾಂಟ್ರಾಸ್ಟ್ ಎಂಆರ್‌ಐ ಮತ್ತು ಅಳೆಯುವ ವ್ಯವಧಾನ.

ಆದರೆ ಸ್ಕ್ಯಾನ್ ಒಂದನ್ನೇ ನಂಬಿ ಕೂರುವಂತಿಲ್ಲ. ಐವರಲ್ಲಿ ಒಬ್ಬರ ತಲೆಯ ಎಂಆರ್‌ಐ ಪೂರಾ ಸರಿಯಾಗಿಯೇ ಇರುತ್ತದೆ. ಬೆನ್ನಿಗೆ ಸೂಜಿ ಹಾಕಿ ಅಳೆದ ಒತ್ತಡವೂ ಎಷ್ಟೋ ರೋಗಿಗಳಲ್ಲಿ ಸಾಮಾನ್ಯ ಮಟ್ಟದಲ್ಲೇ ಬರುತ್ತದೆ. ತಪ್ಪು ಓದಿನ ಅಪಾಯ ಇನ್ನೂ ದೊಡ್ಡದು. ಹೊಳೆಯುವ ಹೊದಿಕೆ ಕ್ಷಯದ ಸೋಂಕಿನಂತೆ ಕಾಣಬಹುದು, ಜಗ್ಗಿದ ಮಿದುಳು ಹುಟ್ಟುದೋಷದಂತೆ ಕಾಣಬಹುದು, ನಿಂತ ದ್ರವ ಪೆಟ್ಟಿನ ರಕ್ತಸ್ರಾವದಂತೆ ಕಾಣಬಹುದು. ಹಾಗೆ ಓದಿದರೆ ಬೆನ್ನಿನ ತೂತು ತೂತಾಗಿಯೇ ಉಳಿದು, ಬುರುಡೆಗೆ ರಂಧ್ರ ಕೊರೆಯುವ ಮಾತು ಶುರುವಾಗುತ್ತದೆ.

ಚಿಕಿತ್ಸೆ ಮಾತ್ರ ಎಷ್ಟೋ ಸಲ ಸರಳ. ಸಿಸೇರಿಯನ್‌ಗೆ ಬೆನ್ನಿನ ಇಂಜೆಕ್ಷನ್ ಪಡೆದ ಕೆಲವು ಬಾಣಂತಿಯರಿಗೆ ಎದ್ದರೆ ತಲೆ ಸಿಡಿಯುವುದು ಇದೇ ಜಾತಿಯ ನೋವು. 1898ರಲ್ಲಿ ಬೆನ್ನಿನ ಅರಿವಳಿಕೆಯನ್ನು ತನ್ನ ಮೇಲೇ ಪ್ರಯೋಗಿಸಿಕೊಳ್ಳಲು ಹೋದ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬೀರ್ ಕೂಡ ಇದನ್ನು ಉಂಡವನೇ. ವಿಶ್ರಾಂತಿ, ನೀರು, ಕಾಫಿಗೆ ಬಗ್ಗದಿದ್ದರೆ ರೋಗಿಯದೇ ರಕ್ತ ಸುಮಾರು 20 ಮಿಲಿಲೀಟರ್ ತೆಗೆದು ಹೊದಿಕೆಯ ಹೊರಗೆ ತುಂಬಿ ತೇಪೆ ಹಾಕುವ ಪದ್ಧತಿ 1960ರಿಂದ ಇದೆ. ಅರಿವಳಿಕೆ ತಜ್ಞರಿಗೆ ಇದು ಹೊಸದಲ್ಲ. ಇದಕ್ಕೂ ಬಗ್ಗದವರಿಗೆ ಮಾತ್ರ ಸೋರುವ ಜಾಗವನ್ನೇ ಪತ್ತೆಹಚ್ಚಿ ಮುಚ್ಚುವ ದೊಡ್ಡ ಆಸ್ಪತ್ರೆ ಬೇಕು.

ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಎಂಬ ಗಾದೆ ಉತ್ತರ ಕನ್ನಡದ್ದು. ಯಾಣದ ಸುತ್ತಲಿನ ಊರುಗಳಿಂದ ನರವೈದ್ಯರನ್ನು ಕಾಣಲು ಹೊರಟವರಿಗೆ ಎರಡೂ ಬೇಕು. ಘಟ್ಟದ ತಿರುವು ಇಳಿದು ಕುಮಟಾ, ಅಲ್ಲಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಮತ್ತೆ ನೂರಕ್ಕೂ ಹೆಚ್ಚು ಕಿಲೋಮೀಟರ್. ಕೂತರೆ ಏರುವ ನೋವಿಗೆ ಬಸ್ಸಿನ ಸೀಟೇ ಶತ್ರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟ್‌ನಲ್ಲಿ ಉರುಳಿ ನಾಲ್ವರು ಸತ್ತಾಗ, ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಎಂದು ಜಿಲ್ಲೆಯ ಜನ ದನಿ ಎತ್ತಿದ್ದರು. ಆ ಬೇಡಿಕೆ ನ್ಯಾಯದ್ದು. ಅದರೊಳಗೆ ಇನ್ನೊಂದು ಸಣ್ಣ ಬೇಡಿಕೆ ಸೇರಬೇಕು: ತಾಲ್ಲೂಕಿನಲ್ಲಿ ತೆಗೆದ ಸ್ಕ್ಯಾನನ್ನು ನರಚಿತ್ರಗಳಲ್ಲಿ ಪಳಗಿದ ರೇಡಿಯಾಲಜಿಸ್ಟ್ ಅದೇ ದಿನ ದೂರದಿಂದಲೇ ಓದುವ ವ್ಯವಸ್ಥೆ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಭಟ್ಕಳ, ಹೊನ್ನಾವರ, ಕುಮಟಾದ ಚಿತ್ರಗಳಿಗೆ ಅದು ಕೇಂದ್ರವಾಗುವುದು ಕಟ್ಟಡ ಕಟ್ಟುವುದಕ್ಕಿಂತ ಬೇಗ ಆಗುವ ಕೆಲಸ.

ಹಣ ಬೇಡದ ಕೆಲಸವೂ ಒಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಲೆನೋವು ಎಂದವರನ್ನು ‘ಮಲಗಿದರೆ ಕಡಿಮೆಯಾಗುತ್ತದೆಯೇ?’ ಎಂದು ಕೇಳಿ, ಉತ್ತರವನ್ನು ಸ್ಕ್ಯಾನ್ ಚೀಟಿಯಲ್ಲಿ ಬರೆಯಬೇಕು. ಬರೀ ‘ತಲೆನೋವು’ ಎಂದಿರುವ ಚೀಟಿ ಹಿಡಿದ ರೇಡಿಯಾಲಜಿಸ್ಟ್ ಗೆಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಎಂದು ಬರೆದು ಮುಗಿಸಿದರೆ ಅವರನ್ನು ದೂರುವಂತಿಲ್ಲ. ವೈದ್ಯರು ಕೇಳದಿದ್ದರೆ ರೋಗಿಯೇ ಹೇಳಬೇಕು, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಒಮ್ಮೆಲೇ ಸಿಡಿದ ತಲೆನೋವು, ಜ್ವರ, ಕೈಕಾಲು ಸೋಲುವುದು, ಮಂಪರು ಇದ್ದರೆ ಮಾತ್ರ ಯಾವ ಲೆಕ್ಕವನ್ನೂ ಹಾಕದೆ ನೇರವಾಗಿ ಆಸ್ಪತ್ರೆಗೆ ಹೋಗಿ.